ಮೇಸ್ತ್ರಿ ಮೂರು ಸಲ ಕೂಗಿದರು, ನಾನು ಓಗೊಡಲಿಲ್ಲ

ನಾನು, ಕೆಲಸದ ಜಾಗದಲ್ಲಿ ‘ಕರಪತ್ರ’ ಎಂದೇ ಎಲ್ಲರೂ ಕರೆಯುವ, 22 ವರ್ಷ ವಯಸ್ಸಿನ, ಲಿಫ್ಟ್ ದುರಸ್ತಿ ಕೆಲಸಗಾರ, ವಾಸ: ರೈಲು ಹಳಿಯ ಹಿಂದಿನ ಮೂರನೇ ಅಡ್ಡರಸ್ತೆಯಲ್ಲಿ ನನ್ನ ಅಕ್ಕನ ಹೊಲಿಗೆ ಅಂಗಡಿಯ ಮೇಲಿನ ಕೋಣೆ, ಇಂದು 14ನೇ ತಾರೀಖು ಗುರುವಾರ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ನಡೆದು, ಯಾರೂ ಕರೆಸದೆ, ಯಾರೂ ಹೇಳಿಕೊಡದೆ ಠಾಣೆಗೆ ಹಾಜರಾಗಿ, ಈ ಮೂಲಕ ತಲೆಯೆತ್ತಿ ತಿಳಿಸುವುದೇನೆಂದರೆ:

ನಿನ್ನೆ ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ಆಸ್ಪತ್ರೆಯ ಹಾಸಿಗೆಯ ಮೇಲೆ ನಾನು ಕೊಟ್ಟ ಹೇಳಿಕೆ ಸುಳ್ಳು. ಆ ಹೇಳಿಕೆಯನ್ನು ನಂಬಿ ನಮ್ಮ ಮೇಸ್ತ್ರಿಯವರನ್ನು ಕೊಲೆ ಯತ್ನದ ಆರೋಪದ ಮೇಲೆ ನಿನ್ನೆ ಸಂಜೆ 4 ಗಂಟೆಯಿಂದ ಈ ಠಾಣೆಯ ಬೆಂಚಿನ ಮೇಲೆ ಕೂರಿಸಲಾಗಿದೆ. ಅವರು ನನ್ನನ್ನು ಕೊಲ್ಲಲು ಬಂದಿರಲಿಲ್ಲ, ಉಳಿಸಲು ಬಂದಿದ್ದರು. ನಾನು ಗಾಂಜಾ ಸೇದಿದ್ದೆ. ಅದು ನನ್ನ ತಲೆಯಲ್ಲಿ ಮಾಡಿದ್ದನ್ನು ನಾನು ಮೇಸ್ತ್ರಿಯವರ ಕೈ ಮಾಡಿದ್ದೆಂದು ಹೇಳಿದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಸುತ್ತಿದ್ದೇನೆ.

ಮೇಸ್ತ್ರಿಯವರಿಗೆ 51 ವರ್ಷ. ಲಿಫ್ಟಿನ ಕೆಲಸದಲ್ಲಿ 26 ವರ್ಷ ಕಳೆದಿದ್ದಾರೆ. ಈ 26 ವರ್ಷಗಳಲ್ಲಿ ಅವರ ಕೈಕೆಳಗೆ ದುಡಿದ ಯಾರ ಒಂದು ಉಗುರೂ ಹೋಗಿಲ್ಲ ಎಂಬುದು ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ನಾನು ಅವರ ಜೊತೆ ಕೆಲಸಕ್ಕೆ ಸೇರಿ ಎರಡು ವರ್ಷ ಒಂದು ತಿಂಗಳಾಯಿತು. ಏಳನೇ ತರಗತಿಯ ನಂತರ ನಾನು ಶಾಲೆ ಕಂಡವನಲ್ಲ. ಓದಿದ್ದೆಲ್ಲ ಸಭೆಗಳಲ್ಲಿ ಹಂಚುವ ಕರಪತ್ರ, ಕಿರುಹೊತ್ತಗೆ. ಅಂಥವು 63 ನನ್ನ ತಗಡಿನ ಪೆಟ್ಟಿಗೆಯಲ್ಲಿವೆ. ದುಡಿಯುವವನ ಪ್ರಾಣ ಯಾರೋ ಹಾಕುವ ಭಿಕ್ಷೆಯಲ್ಲ ಎಂದು ನಾನು ಕಲಿತದ್ದು ಅವುಗಳಿಂದ. ಅದನ್ನು ಕೈಯಾರೆ ತೋರಿಸಿಕೊಟ್ಟವರು ಮೇಸ್ತ್ರಿಯವರು.

ನಮ್ಮ ಕೆಲಸದಲ್ಲಿ ಒಬ್ಬ ಲಿಫ್ಟ್ ಕ್ಯಾಬಿನ್ನಿನ ನೆತ್ತಿಯ ಮೇಲೆ, ಶಾಫ್ಟಿನೊಳಗೆ ನಿಲ್ಲುತ್ತಾನೆ. ಇನ್ನೊಬ್ಬ ತಾರಸಿಯ ಮಷೀನ್ ರೂಮಿನಲ್ಲಿರುತ್ತಾನೆ. ಮಷೀನ್ ರೂಮಿನ ನೆಲದಲ್ಲಿ ಉಕ್ಕಿನ ಹಗ್ಗಗಳು ಇಳಿಯುವ ಕಿಂಡಿಯಿದೆ, ಅದರ ಮೂಲಕ ಕೂಗಿದರೆ ಕೆಳಗಿನವನಿಗೆ ಕೇಳುತ್ತದೆ. ಒಬ್ಬ ಕೂಗಿದ್ದನ್ನು ಇನ್ನೊಬ್ಬ ಅದೇ ಮಾತಿನಲ್ಲಿ ತಿರುಗಿ ಕೂಗಬೇಕು. ಇದಕ್ಕೆ ನಾವು ‘ಮರುಕೂಗು’ ಎನ್ನುತ್ತೇವೆ. ಮೂರು ಸಲ ಕೂಗಿದರೂ ಮರುಕೂಗು ಬರದಿದ್ದರೆ ಒಳಗಿರುವವನಿಗೆ ಪ್ರಜ್ಞೆ ತಪ್ಪಿದೆ ಎಂದೇ ತಿಳಿದು, ಮೇನ್ ಸ್ವಿಚ್ ಆರಿಸಿ, ಬ್ರೇಕನ್ನು ಕಬ್ಬಿಣದ ಲಿವರ್‌ನಿಂದ ಬಿಡಿಸಿ, ಕ್ಯಾಬಿನ್ನನ್ನು ಗೇಣುಗೇಣಾಗಿ ಹತ್ತಿರದ ಮಹಡಿಗೆ ತರಬೇಕು. “ಮರುಕೂಗು ಬರಲಿಲ್ಲ ಅಂದ್ರೆ ಸತ್ತಿದಾನೆ ಅಂತಲೇ ಓಡು. ಬದುಕಿದ್ರೆ ಆಮೇಲೆ ಬೈದರಾಯ್ತು” ಎಂದು ಮೇಸ್ತ್ರಿಯವರು ಮೊದಲ ದಿನವೇ ನನಗೆ ಹೇಳಿದ್ದರು.

ಇತ್ತೀಚೆಗೆ ಕೆಲವು ಕಡೆ ಶಾಫ್ಟಿಗೆ ಒಬ್ಬನನ್ನೇ ಕಳಿಸಲು ಶುರುಮಾಡಿದ್ದಾರೆ. ಇದನ್ನು ವಿರೋಧಿಸಿ ನಿನ್ನೆ ಸಂಜೆ 5 ಗಂಟೆ 30 ನಿಮಿಷಕ್ಕೆ ಕೆಲಸಗಾರರ ಸಭೆ ಇತ್ತು. ಅದರಲ್ಲಿ ನಾನು ಮೊದಲ ಬಾರಿಗೆ ಮಾತನಾಡಬೇಕಿತ್ತು. ಬರೆದದ್ದು ನಾಲ್ಕು ಪುಟ. ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ. ಓದುವುದು ಬೇರೆ, ಇನ್ನೂರು ಜನರ ಮುಂದೆ ನಿಲ್ಲುವುದು ಬೇರೆ. ಒಬ್ಬ ಪರಿಚಯದವನು ಗಾಂಜಾ ತುಂಬಿದ ಒಂದು ಸಿಗರೇಟನ್ನೂ, ಗಾಂಜಾದ ಗುಣ ಹೊಗಳುವ ಎಂಟು ಪುಟದ ಒಂದು ಕಿರುಹೊತ್ತಗೆಯನ್ನೂ ಕೊಟ್ಟಿದ್ದ. ಅದು ದುಡಿಯುವವನ ಗೆಳೆಯ, ಮನಸ್ಸಿನ ಸಂಕೋಲೆ ಕಳಚುತ್ತದೆ, ಮಾತಿಗೆ ಧೈರ್ಯ ಕೊಡುತ್ತದೆ ಎಂದು ಮೂರನೇ ಪುಟದಲ್ಲಿತ್ತು. ಅಚ್ಚಾಗಿದ್ದನ್ನು ನಂಬುವುದು ನನ್ನ ದೌರ್ಬಲ್ಯ. ಅದುವರೆಗೆ ನಾನು ಬೀಡಿಯನ್ನೂ ಮುಟ್ಟಿದವನಲ್ಲ. ಕೊಟ್ಟವನು ಯಾರೆಂದು ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಎರಡು ಸಲ ಕೇಳಿದರು. ಕೈ ಚಾಚಿದವನು ನಾನು, ಕಡ್ಡಿ ಗೀರಿದವನೂ ನಾನು, ಆದ್ದರಿಂದ ಹೇಳುವುದಿಲ್ಲ ಎಂದು ಉತ್ತರಿಸಿದ್ದೇನೆ.

ನಿನ್ನೆ 13ನೇ ತಾರೀಖು ಬುಧವಾರ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ನಾನೂ ಮೇಸ್ತ್ರಿಯವರೂ ಏಳು ಮಹಡಿಯ ಒಂದು ವಸತಿ ಕಟ್ಟಡದಲ್ಲಿ ಕೆಲಸ ಶುರುಮಾಡಿದೆವು. ಕ್ಯಾಬಿನ್ನನ್ನು ಹಳಿಗೆ ಹಿಡಿದಿಡುವ ಶೂಗಳ ಸವೆದ ಪಟ್ಟಿ ಬದಲಿಸಿ, ಹಳಿಗಳಿಗೆ ಎಣ್ಣೆ ಹಚ್ಚುವ ಕೆಲಸ. ಆ ಕಟ್ಟಡದಲ್ಲಿ ಲಿಫ್ಟಿಗೂ ಶಾಫ್ಟಿನ ದೀಪಕ್ಕೂ ಒಂದೇ ಮೇನ್ ಸ್ವಿಚ್, ಆರಿಸಿದರೆ ಎರಡೂ ಹೋಗುತ್ತವೆ ಎಂದು ಮೇಸ್ತ್ರಿಯವರು ಬೆಳಿಗ್ಗೆಯೇ ತೋರಿಸಿದ್ದರು. ನನ್ನ ಸೊಂಟದ ಬೆಲ್ಟಿನ ಕೊಕ್ಕೆಯನ್ನು ತಾವೇ ಎರಡು ಸಲ ಎಳೆದು ನೋಡಿದರು. “ಸಂಜೆ ಭಾಷಣಕಾರರು ನೀವು, ಒಂದೇ ತುಂಡಾಗಿ ಕಳಿಸಬೇಕಲ್ಲ ನಿಮ್ಮನ್ನ” ಎಂದು ತಮಾಷೆ ಮಾಡಿದರು.

12 ಗಂಟೆ 50 ನಿಮಿಷಕ್ಕೆ ಊಟ. ಮೇಸ್ತ್ರಿಯವರು ತಮ್ಮ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನನ್ನ ಕಡೆ ತಳ್ಳಿ, ಹಸಿದ ಹೊಟ್ಟೆಯಲ್ಲಿ ಮಾತು ಹೊರಡುವುದಿಲ್ಲ ಎಂದರು. ನಾನು ನಾಲ್ಕು ತುತ್ತು ತಿಂದೆ. ಅವರು ರೂಢಿಯಂತೆ ಟೋಪಿಯನ್ನು ಮುಖದ ಮೇಲೆಳೆದುಕೊಂಡು ಮಷೀನ್ ರೂಮಿನಲ್ಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರು. ನಾನು ತಾರಸಿಯ ಇನ್ನೊಂದು ತುದಿಗೆ, ನೀರಿನ ಟ್ಯಾಂಕಿನ ಮರೆಗೆ ಹೋದೆ. ಮಷೀನ್ ರೂಮಿನ ಬಾಗಿಲಿನಿಂದ ಅಲ್ಲಿಗೆ 22 ಮೀಟರ್. ಗಾಳಿ ಆಚೆ ಕಡೆಗೆ ಬೀಸುತ್ತಿತ್ತು. ಮೇಸ್ತ್ರಿಯವರಿಗೆ ವಾಸನೆ ಹೋಗುವ ಸಾಧ್ಯತೆ ಇರಲಿಲ್ಲ ಎಂಬುದನ್ನು ದಯವಿಟ್ಟು ದಾಖಲಿಸಬೇಕು.

1 ಗಂಟೆ 5 ನಿಮಿಷಕ್ಕೆ ನಾನು ಆ ಸಿಗರೇಟನ್ನು ಹಚ್ಚಿ ನಾಲ್ಕು ದಮ್ಮು ಎಳೆದೆ. ಗಂಟಲು ಸುಟ್ಟಿತು, ಬೇರೇನೂ ಆಗಲಿಲ್ಲ. ಹತ್ತು ನಿಮಿಷ ಕಾದೆ. ಇಷ್ಟೇನಾ ಎನ್ನಿಸಿ ಉಳಿದದ್ದನ್ನೂ ಎಳೆದೆ. ಆಗಲೂ ಏನೂ ಆಗಲಿಲ್ಲ. ನಾನು ಸಾಧಾರಣ ಮನುಷ್ಯನಲ್ಲ, ನನ್ನ ಮನಸ್ಸು ಗಟ್ಟಿ ಎಂದುಕೊಂಡೆ. ಇದನ್ನೂ ಹಾಗೆಯೇ ಬರೆದುಕೊಳ್ಳಿ.

1 ಗಂಟೆ 30 ನಿಮಿಷಕ್ಕೆ ಏಳನೇ ಮಹಡಿಯಿಂದ ಕ್ಯಾಬಿನ್ನಿನ ನೆತ್ತಿಗೆ ಇಳಿದೆ. ಬೆಲ್ಟಿನ ಕೊಕ್ಕೆ ಸಿಕ್ಕಿಸಿದೆ. ನೆತ್ತಿಯ ಮೇಲಿರುವ ತಪಾಸಣೆಯ ಸ್ವಿಚ್ಚನ್ನು ತಿರುಗಿಸಿದೆ. ಅದು ತಿರುಗಿದ ಮೇಲೆ ಲಿಫ್ಟ್ ನನ್ನ ಬೆರಳಿನ ಮಾತನ್ನು ಮಾತ್ರ ಕೇಳುತ್ತದೆ, ಮಷೀನ್ ರೂಮಿನಿಂದ ಯಾರೂ ಗುಂಡಿ ಒತ್ತಿ ಅದನ್ನು ಅಲುಗಿಸಲಾಗದು. ಮೇಸ್ತ್ರಿಯವರು “ಕೆಳಗೆ, ನಿಧಾನ” ಎಂದು ಕೂಗಿದರು. ನಾನು “ಕೆಳಗೆ, ನಿಧಾನ” ಎಂದು ಮರುಕೂಗು ಕೊಟ್ಟೆ. ಹೀಗೆ ಐದು ಸಲ ಆಯಿತು. 1 ಗಂಟೆ 37 ನಿಮಿಷಕ್ಕೆ ನಾಲ್ಕನೇ ಮಹಡಿಯ ಹೊಸ್ತಿಲಿಗಿಂತ 1.4 ಮೀಟರ್ ಕೆಳಗೆ ನಿಲ್ಲಿಸಿದೆ.

ಅಲ್ಲಿ ಅದು ಶುರುವಾಯಿತು. ಮೊದಲು ನನ್ನ ಎದೆಬಡಿತ ಶಾಫ್ಟಿನ ಗೋಡೆಯಿಂದ ತಿರುಗಿ ಕೇಳಿಸಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಕೈಗಡಿಯಾರ ನೋಡಿದೆ, 1 ಗಂಟೆ 38 ನಿಮಿಷ. ಒಂದು ಹಳಿಗೆ ಎಣ್ಣೆ ಹಚ್ಚಿದೆ, ಬಟ್ಟೆ ಮಡಚಿದೆ, ಸಂಜೆಯ ಭಾಷಣವನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲಿ ಹೇಳಿಕೊಂಡೆ, ಸಭೆಗೆ ತಡವಾಯಿತು ಎಂದು ಗಾಬರಿಯಾಗಿ ಮತ್ತೆ ನೋಡಿದೆ. 1 ಗಂಟೆ 38 ನಿಮಿಷ. ಗಡಿಯಾರ ಕೆಟ್ಟಿದೆ ಎನ್ನಿಸಲಿಲ್ಲ. ಯಾರೋ ಕೆಡಿಸಿದ್ದಾರೆ ಎನ್ನಿಸಿತು.

ಯಾರು ಎಂಬ ಪ್ರಶ್ನೆಗೆ ಮೇಲೆ ಇದ್ದವರು ಒಬ್ಬರೇ. ನಾನು ಸಭೆಯಲ್ಲಿ ಮಾತನಾಡಬಾರದೆಂದು ಕಂಪನಿಯವರು ಮೇಸ್ತ್ರಿಯವರಿಗೆ ಹೇಳಿದ್ದಾರೆ ಎಂಬ ಯೋಚನೆ ಬಂತು. ಬಂದದ್ದು ಯೋಚನೆಯಂತೆ ಅಲ್ಲ, ಹಳೆಯ ಸುದ್ದಿಯಂತೆ. ಆಮೇಲೆ ಬೆಳಗಿನದೆಲ್ಲ ಸಾಕ್ಷಿಗೆ ನಿಂತಿತು. ಕೊಕ್ಕೆ ಎಳೆದು ನೋಡಿದ್ದು ಎಲ್ಲಿ ಕಡಿಯಬೇಕೆಂದು ನೋಡಲಿಕ್ಕೆ. ಡಬ್ಬಿ ತಳ್ಳಿದ್ದು ಸಾಯುವವನಿಗೆ ಹಾಕುವ ಕೊನೆಯ ಊಟ. ಒಂದೇ ತುಂಡಾಗಿ ಕಳಿಸಬೇಕು ಎಂದದ್ದಂತೂ ಬಾಯ್ತಪ್ಪಿ ಹೊರಬಿದ್ದ ನಿಜ. ಸ್ವಿಚ್ಚನ್ನು ನಾನೇ ತಿರುಗಿಸಿದ್ದೇನೆ, ಮೇಲಿನಿಂದ ಗುಂಡಿ ಒತ್ತಿ ಏನೂ ಮಾಡಲಾಗದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಂಬಲಾಗಲಿಲ್ಲ. ತಿಳಿವಳಿಕೆ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿತ್ತು, ಕೆಲಸವೆಲ್ಲ ಭಯದ್ದೇ. ಆ ಎಂಟು ಪುಟಗಳಲ್ಲಿ ಎಲ್ಲಿಯೂ, ಇದನ್ನು ಸೇದಿದರೆ ನಿನಗೆ ವಿದ್ಯೆ ಕೊಟ್ಟವರನ್ನೇ ಕಂಡು ನಡುಗುವೆ ಎಂದು ಬರೆದಿರಲಿಲ್ಲ. ಬರೆಯದೆ ಬಿಟ್ಟದ್ದೂ ಸುಳ್ಳೇ ಎಂದು ನಾನು ಹೇಳುತ್ತೇನೆ.

1 ಗಂಟೆ 44 ನಿಮಿಷಕ್ಕೆ ಮೇಸ್ತ್ರಿಯವರು “ಮುಗೀತಾ?” ಎಂದು ಕೂಗಿದರು. ನಾನು “ಮುಗೀತಾ” ಎಂದು ತಿರುಗಿ ಕೂಗಿ, ಆಮೇಲೆ ಉತ್ತರ ಹೇಳಬೇಕಿತ್ತು. ನಾನು ಎಲ್ಲಿ ನಿಂತಿದ್ದೇನೆಂದು ದನಿಯಿಂದ ಗುರುತು ಹಿಡಿಯಲು ಕೂಗುತ್ತಿದ್ದಾರೆ ಎನ್ನಿಸಿ ಬಾಯಿಯ ಮೇಲೆ ಕೈಯಿಟ್ಟುಕೊಂಡೆ. “ಏ ಕರಪತ್ರ, ಮುಗೀತೇನೋ?” ಎಂದು ಎರಡನೇ ಸಲ ಕೂಗಿದರು. ಮೂರನೇ ಸಲ ಅವರು ನನ್ನನ್ನು ಅಡ್ಡಹೆಸರಿನಿಂದ ಕರೆಯಲಿಲ್ಲ. “ಮಗಾ, ಇದೀಯಾ?” ಎಂದರು. ಎರಡು ವರ್ಷದಲ್ಲಿ ಅವರು ನನ್ನನ್ನು ಮಗ ಎಂದು ಕರೆದದ್ದು ಅದೊಂದೇ ಸಲ. ನಾನು ಓಗೊಡಲಿಲ್ಲ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅದೂ ಗುರುತು ಹಿಡಿಯಲಿಕ್ಕೇ ಎಂದು ಅದನ್ನು ತೆಗೆದು ಶಾಫ್ಟಿನೊಳಕ್ಕೆ ಬಿಟ್ಟೆ. ಸುಮಾರು ಹತ್ತು ಮೀಟರ್ ಕೆಳಗೆ ಅದು ಒಡೆದ ಸದ್ದು ಕೇಳಿಸಿತು.

ಆ ಸದ್ದು ಮೇಲಕ್ಕೂ ಕೇಳಿಸಿರಬೇಕು. ನಾನೇ ಬಿದ್ದೆ ಎಂದು ಅವರು ತಿಳಿದಿದ್ದರೆ ಆಶ್ಚರ್ಯವಿಲ್ಲ. 1 ಗಂಟೆ 47 ನಿಮಿಷಕ್ಕೆ ಮೇನ್ ಸ್ವಿಚ್ ಆರಿತು, ದೀಪವೂ ಹೋಯಿತು. ಕ್ಯಾಬಿನ್ ಒಂದು ಗೇಣು ಮೇಲೆದ್ದು ನಿಂತಿತು. ಮತ್ತೆ ಒಂದು ಗೇಣು. ನಿಯಮದಲ್ಲಿ ಇರುವುದು ಹೀಗೆಯೇ. ನನ್ನ ನೆತ್ತಿಯ ಮೇಲೆ ಹದಿನಾಲ್ಕು ಮೀಟರ್ ಖಾಲಿ ಜಾಗವಿತ್ತು. ಆದರೆ ಕತ್ತಲಲ್ಲಿ ಚಾವಣಿ ಇಳಿದು ಬರುತ್ತಿದೆ, ನನ್ನನ್ನು ಜಜ್ಜುತ್ತದೆ ಎಂದು ನನಗೆ ಖಚಿತವಾಯಿತು. ಬೆಲ್ಟಿನ ಕೊಕ್ಕೆಯನ್ನು ನಾನೇ ಬಿಚ್ಚಿ, ಹಿಂಬದಿಯ ಅಂಚಿನಿಂದ ಆಚೆಗೆ ಬಾಗಿದೆ. ಕ್ಯಾಬಿನ್ ಮೇಲೇರುವಾಗ ಅದರ ಎದುರು ತೂಕದ ಕಬ್ಬಿಣದ ಚೌಕಟ್ಟು ಅದೇ ಹಿಂಬದಿಯಲ್ಲಿ ಕೆಳಗಿಳಿಯುತ್ತದೆ. ಕಲಿಯಲು ಬಂದವನಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು. ಚೌಕಟ್ಟಿನ ತಳ ನನ್ನ ಎಡಭುಜದ ಮೇಲೆ ಕೂತಿತು. “ಕೊಲ್ತಿದಾನೆ! ಮೇಸ್ತ್ರಿ ಕೊಲ್ತಿದಾನೆ!” ಎಂದು ನಾನು ಕಿರುಚಿದೆ.

ಕಿರುಚಿದ ಕೂಡಲೇ ಚೌಕಟ್ಟು ನಿಂತಿತು. ಭುಜಕ್ಕೆ ತಾಗಿದ ಮೇಲೆ ಅದು ಎಷ್ಟು ಇಳಿದಿದೆ ಎಂದು ಮಹಜರು ಮಾಡಿದವರು ಅಳೆದಿದ್ದಾರೆ, ನಾಲ್ಕು ಸೆಂಟಿಮೀಟರ್. ಹನ್ನೆರಡು ಸೆಂಟಿಮೀಟರ್ ಆಗಿದ್ದರೆ ಹೋಗುತ್ತಿದ್ದದ್ದು ಭುಜವಲ್ಲ, ಕುತ್ತಿಗೆ. ಕೆಳಗೆ ಏನು ನಡೆದಿದೆಯೆಂದು ಕಾಣದೆ, ಬರೀ ದನಿ ಕೇಳಿ, ಅಷ್ಟು ಭಾರವನ್ನು ನಾಲ್ಕು ಸೆಂಟಿಮೀಟರಿನಲ್ಲಿ ಹಿಡಿದು ನಿಲ್ಲಿಸುವ ಕೈ ಎಷ್ಟು ಜನರಿಗಿದೆ ಎಂದು ನಾನು ಈ ಠಾಣೆಯನ್ನು ಕೇಳುತ್ತೇನೆ. ಕೊಲ್ಲಲು ಬಂದ ಕೈ ಅಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ಅವರು ಮೋಟಾರಿನ ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ ಭುಜ ಬಿಡಿಸಿದರು.

1 ಗಂಟೆ 52 ನಿಮಿಷಕ್ಕೆ ಅವರು ತಾರಸಿಯಿಂದ ನಾಲ್ಕು ಮಹಡಿ ಮೆಟ್ಟಿಲಿಳಿದು ಓಡಿ ಬಂದು, ಲಿಫ್ಟಿನ ಬಾಗಿಲನ್ನು ಕೀಲಿಯಿಂದ ತೆರೆದರು. ಬ್ರೇಕಿನ ಲಿವರ್ ಕೈಯಲ್ಲೇ ಇತ್ತು, ಇಟ್ಟು ಬರುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಈ ಠಾಣೆಯಲ್ಲಿ ‘ಆಯುಧ’ ಎಂದು ಚೀಟಿ ಅಂಟಿಸಿ ಇಟ್ಟಿರುವ ಎರಡೂಕಾಲು ಅಡಿಯ ಕಬ್ಬಿಣದ ರಾಡು ಅದೇ. ಆ ಹೊತ್ತಿಗೆ ಮಹಡಿಯಲ್ಲಿ ಹನ್ನೊಂದು ಜನ ಸೇರಿದ್ದರು. ಆ ಮಹಡಿಯಲ್ಲಿ ವಾಸವಿರುವ ಶಿಕ್ಷಕಿಯೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಅವರ ಮೇಲೆ ನನ್ನ ದೂರಿಲ್ಲ. ಕಿರುಚಾಟ ಕೇಳಿ ಬಾಗಿಲು ಹಾಕಿಕೊಳ್ಳದೆ ಹೊರಗೆ ಬಂದವರು ಅವರು.

ಮೇಸ್ತ್ರಿಯವರು ನನ್ನನ್ನು ಎತ್ತಿ ಹೊರಗೆ ತಂದಾಗ ನನ್ನ ಅಂಗಿಯ ವಾಸನೆ ಅವರಿಗೆ ತಿಳಿಯಿತು. ಬೇರೆ ಯಾರಿಗೂ ಕೇಳದಂತೆ ಕಿವಿಯ ಹತ್ತಿರ, “ಏನೋ ಸೇದಿದೀಯಾ?” ಎಂದರು. ನಾನು “ನನ್ನ ಮುಟ್ಬೇಡ” ಎಂದು ಅವರ ಮುಖಕ್ಕೆ ಉಗಿದೆ. ಅವರು ತೋಳಿನಿಂದ ಒರೆಸಿಕೊಂಡು ನನ್ನ ಎಡಗೈಯನ್ನು ಎದೆಗೆ ಆನಿಸಿ ತಮ್ಮ ಟವೆಲಿನಿಂದ ಕಟ್ಟಿದರು. ಟವೆಲು ಕಟ್ಟಿದ್ದು ಸರಿಯಾಗಿತ್ತು, ಇಲ್ಲದಿದ್ದರೆ ಮೂಳೆ ಚರ್ಮ ಹರಿದು ಹೊರಬರುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಎಡಭುಜದ ಕಾಲರ್ ಬೋನ್ ಒಂದು ಕಡೆ ಬಿರುಕು ಬಿಟ್ಟಿದೆ.

3 ಗಂಟೆ 20 ನಿಮಿಷಕ್ಕೆ ಕಾನ್‌ಸ್ಟೇಬಲ್ ಒಬ್ಬರು ಬಂದು ಕೇಳಿದಾಗಲೂ ಆ ಭಯ ನನ್ನನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯ ಗೋಡೆಯ ಮೇಲಿನ ಹಲ್ಲಿಯೂ ಕಂಪನಿಯದೇ ಎನ್ನಿಸುತ್ತಿತ್ತು. ಮೇಸ್ತ್ರಿಯವರು ಬೇಕೆಂದೇ ದೀಪ ತೆಗೆದು ನನ್ನನ್ನು ಜಜ್ಜಲು ನೋಡಿದರು ಎಂದು ಹೇಳಿ ಸಹಿ ಮಾಡಿದೆ. ಕಾನ್‌ಸ್ಟೇಬಲ್ ಅವರು ಬರೆದದ್ದರಲ್ಲಿ ತಪ್ಪಿಲ್ಲ. ಹೇಳಿದವನದು ತಪ್ಪು. ಸಂಜೆ 6 ಗಂಟೆಯ ಹೊತ್ತಿಗೆ ಎದೆಬಡಿತ ಇಳಿಯಿತು, ನಿದ್ದೆ ಹತ್ತಿತು.

ಇಂದು ಬೆಳಿಗ್ಗೆ 5 ಗಂಟೆ 45 ನಿಮಿಷಕ್ಕೆ ಎಚ್ಚರವಾದಾಗ ನನ್ನ ತಲೆ ನನ್ನದಾಗಿತ್ತು. ಮಾಡಿದ್ದೆಲ್ಲ ಒಂದೂ ಮರೆಯದೆ ನೆನಪಿತ್ತು. ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ ಹೇಳಿದೆ. ಅವಳು ಮೊದಲು, “ಮಂಗನಿಗೆ ಹೆಂಡ ಬೇರೆ ಕುಡಿಸಿದ ಹಾಗಾಯ್ತಲ್ಲೋ” ಎಂದಳು. ಆಮೇಲೆ, ಠಾಣೆಯಲ್ಲಿ ಹೇಳಿದರೆ ನನ್ನ ಪರವಾನಗಿ ಹೋಗುತ್ತದೆ, ಮತ್ತೆ ಯಾರೂ ಲಿಫ್ಟ್ ಮುಟ್ಟಗೊಡುವುದಿಲ್ಲ, ಕೇಸೂ ಆಗಬಹುದು, ಗೊತ್ತಿದೆಯಾ ಎಂದು ಕೇಳಿದಳು. ಗೊತ್ತಿದೆ ಎಂದೆ. “ಹಾಗಾದ್ರೆ ಹೋಗು. ತಲೆ ಬಾಚ್ಕೊಂಡು ಹೋಗು, ಕಳ್ಳನ ಥರ ಹೋಗ್ಬೇಡ” ಎಂದಳು. ಒಂದು ಕೈ ಕಟ್ಟಿದ್ದರಿಂದ ಅವಳೇ ಬಾಚಿದಳು, ಅಂಗಿಯ ಗುಂಡಿಗಳನ್ನೂ ಅವಳೇ ಹಾಕಿದಳು.

ಠಾಣೆಯೊಳಗೆ ಬಂದಾಗ ಮೇಸ್ತ್ರಿಯವರು ಬಾಗಿಲಿನಿಂದ ನಾಲ್ಕು ಮೀಟರ್ ದೂರದ ಬೆಂಚಿನ ಮೇಲೆ ಕೂತಿದ್ದರು. ಕೇಸಿನ ಬಗ್ಗೆ ಅವರು ಏನೂ ಕೇಳಲಿಲ್ಲ. “ಎಡಗೈ ಬೆರಳು ಆಡುತ್ತಾ?” ಎಂದು ಕೇಳಿದರು. ಆಡಿಸಿ ತೋರಿಸಿದೆ. ನಿನ್ನೆಯಿಂದ ಅವರು ಏನು ಹೇಳಿದ್ದಾರೆಂದು ಹೆಡ್ ಕಾನ್‌ಸ್ಟೇಬಲ್ ಸಾಹೇಬರನ್ನು ವಿಚಾರಿಸಿದೆ. ಹದಿನಾರು ಗಂಟೆಗಳಲ್ಲಿ, “ಬ್ರೇಕ್ ಬಿಡಿಸಿದ್ದು ನಾನೇ. ಹುಡುಗನಿಗೆ ನೋವಾಗಿದೆ, ಅವನನ್ನ ಏನೂ ಕೇಳ್ಬೇಡಿ” ಎಂಬುದರ ಹೊರತು ಏನನ್ನೂ ಹೇಳಿಲ್ಲ ಎಂದು ತಿಳಿಯಿತು. ನನ್ನ ಅಂಗಿಯ ವಾಸನೆಯ ಬಗ್ಗೆ ಒಂದು ಮಾತು ಹೇಳಿದ್ದರೆ ಅವರು ನಿನ್ನೆಯೇ ಮನೆಗೆ ಹೋಗುತ್ತಿದ್ದರು.

ಹೇಳಿಕೆ ಶುರುಮಾಡುವ ಮೊದಲು ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಪೆನ್ನು ಕೆಳಗಿಟ್ಟು, “ನೋಡು ತಮ್ಮಾ, ತಲೆ ಸುತ್ತು ಬಂತು, ತಪ್ಪು ತಿಳ್ಕೊಂಡೆ ಅಂತ ಬರೀತೀನಿ. ಅವರೂ ಮನೆಗೆ ಹೋಗ್ತಾರೆ, ನೀನೂ ಬಚಾವ್. ಆ ಸೊಪ್ಪಿನ ವಿಷಯ ಯಾಕೆ?” ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು, ಅದಕ್ಕಾಗಿ ಅವರಿಗೆ ಕೃತಜ್ಞ. ಆದರೆ ಬರೀ ತಲೆಸುತ್ತು ಎಂದು ಬರೆದರೆ, ಕಾಯಿಲೆಯ ಹುಡುಗನನ್ನು ಶಾಫ್ಟಿಗೆ ಇಳಿಸಿದ ಮೇಸ್ತ್ರಿ ಎಂದು ನಾಳೆ ಕಂಪನಿ ಬರೆಯುತ್ತದೆ. ಕೊಲೆಗಾರ ಎಂಬುದು ಹೋಗಿ ಹೊಣೆಗೇಡಿ ಎಂಬುದು ಉಳಿಯುತ್ತದೆ. 26 ವರ್ಷದ ಕೆಲಸದ ಮೇಲೆ ಅಷ್ಟು ಸಣ್ಣ ಕಲೆಯನ್ನೂ ನಾನು ಕೂರಗೊಡುವುದಿಲ್ಲ. ಆದ್ದರಿಂದ ಗಾಂಜಾ ಎಂಬ ಪದವನ್ನೇ, ನಾನೇ ಸೇದಿದೆ ಎಂಬುದನ್ನೇ, ಮೇಸ್ತ್ರಿಯವರಿಗೆ ತಿಳಿಯದಂತೆ ಸೇದಿದೆ ಎಂಬುದನ್ನೇ ಬರೆಯಬೇಕೆಂದು ಕೇಳಿದೆ. ಸಾಹೇಬರು ಬರೆದರು.

ಇಷ್ಟು ಬರೆಸಿ ಮುಗಿಸಿ ಓದಿ ಹೇಳುವಾಗ ಮೇಸ್ತ್ರಿಯವರು ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದರು. “ಆ ಗಾಂಜಾದ ಸಾಲುಗಳನ್ನ ಹೊಡೆದುಹಾಕಿ. ಹುಡುಗ ಚಿಕ್ಕವನು, ಕೈಯಲ್ಲಿ ಕೆಲಸವಿದೆ. ನಾನು ಇನ್ನೆರಡು ದಿನ ಕೂತ್ರೆ ಸವೆದು ಹೋಗಲ್ಲ” ಎಂದು ಸಾಹೇಬರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಮೇಸ್ತ್ರಿ ನಾನು. ಹೇಳ್ತಿದೀನಿ, ತೆಗೆಸು” ಎಂದರು. ನಾನು ತೆಗೆಸುವುದಿಲ್ಲ ಎಂದೆ. ಅವರ ಕೈಕೆಳಗಿನ ಎರಡು ವರ್ಷ ಒಂದು ತಿಂಗಳಲ್ಲಿ, ಅರಿವಿದ್ದೂ ಅವರ ಮಾತನ್ನು ನಾನು ಮೀರಿರುವುದು ಇದೇ ಮೊದಲು.

ನಿನ್ನೆಯ ಹೇಳಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಮೇಸ್ತ್ರಿಯವರನ್ನು ಈ ಕೂಡಲೇ ಮನೆಗೆ ಕಳಿಸಬೇಕು, ನನ್ನ ಮೇಲೆ ಕಾನೂನಿನಲ್ಲಿ ಏನಿದೆಯೋ ಅದನ್ನು ಜರುಗಿಸಬೇಕು. ಮೇಲಿನದನ್ನು ನನಗೆ ಓದಿ ಕೇಳಿಸಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ, ಒಂದು ಅಕ್ಷರವನ್ನೂ ಹೊಡೆದುಹಾಕಿಲ್ಲ. ಪೂರ್ತಿ ಎಚ್ಚರದಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆಯ ಮುಂಗೋಣೆ
ದಿನಾಂಕ: 14, ಗುರುವಾರ, ಬೆಳಿಗ್ಗೆ 10 ಗಂಟೆ 25 ನಿಮಿಷ
ಹೇಳಿಕೆ ಕೊಟ್ಟವನ ಸಹಿ: (ಪ್ರತಿ ಪುಟದಲ್ಲೂ ಮಾಡಿದೆ)
ನನ್ನ ಸಮಕ್ಷಮ ಬರೆದುಕೊಂಡದ್ದು: ಹೆಡ್ ಕಾನ್‌ಸ್ಟೇಬಲ್